ಗಾಳಿ ಇಳಿಸಿ, ಗರ್ವವನ್ನೂ ಇಳಿಸಿ: ಸಾವಿನ ಕಣಿವೆಯ ಕಚ್ಚಾ ರಸ್ತೆ ಕಲಿಸುವ ಪಾಠ



ರಸ್ತೆ ಎಂದರೆ ಡಾಂಬರು ಎಂದೇ ನಂಬಿ ಬೆಳೆದವರಿಗೆ ಆ ಡಾಂಬರು ಮುಗಿಯುವ ಜಾಗದಲ್ಲಿ ಎದೆ ಸ್ವಲ್ಪ ಡವಗುಟ್ಟುವುದು ಸಹಜ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದಲ್ಲಿ ಅಂಥ ಜಾಗಗಳು ಹತ್ತಾರಿವೆ. ಡೆತ್ ವ್ಯಾಲಿ ಎಂದರೆ ಸಾವಿನ ಕಣಿವೆ. ಸುಮಾರು 34 ಲಕ್ಷ ಎಕರೆ ವಿಸ್ತಾರದ ಈ ಮರುಭೂಮಿಯಲ್ಲಿ ಡಾಂಬರು ಮತ್ತು ಮಣ್ಣಿನ ರಸ್ತೆಗಳೆರಡೂ ಸೇರಿ ಹೆಚ್ಚುಕಡಿಮೆ ಸಾವಿರ ಮೈಲಿಗಳಷ್ಟಿವೆ. ಚಳಿಗಾಲ ಬಂತೆಂದರೆ ಜೀಪು ಏರಿ, ‘ಆಫ್ ರೋಡ್’ ಓಡಿಸಿ ನೋಡೋಣ ಎಂದು ಬರುವ ಹೊಸಬರಿಗೆ ಲೆಕ್ಕವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರಿಗೂ ಇದು ರಜೆಯಲ್ಲಿ ಹೋಗಿಬರುವಷ್ಟು ಹತ್ತಿರದ ತಾಣವೇ.

ಆದರೆ ಹೊಸಬರು ಮೊದಲು ತಿಳಿಯಬೇಕಾದ ಮಾತೊಂದಿದೆ. ಈ ಉದ್ಯಾನದಲ್ಲಿ ‘ಆಫ್ ರೋಡ್’ ಎಂಬುದೇ ಇಲ್ಲ! ರಸ್ತೆ ಬಿಟ್ಟು ಚಕ್ರವನ್ನು ಒಂದು ಗೇಣು ಆಚೆ ಇಳಿಸಿದರೂ ಅದು ಅಪರಾಧ. ಇಲ್ಲಿ ಇರುವುದು ಕಚ್ಚಾ ರಸ್ತೆ ಮಾತ್ರ. ಈ ವ್ಯತ್ಯಾಸದ ಹಿಂದೆ ನೂರೈವತ್ತು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ.

ಹಾದಿ ಮಾಡಿದವರು ಯಾರು?

ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗೆ ಇರುವ ಬ್ಯಾಡ್‌ವಾಟರ್ ಎಂಬ ಉಪ್ಪಿನ ಬಯಲು ಈ ಕಣಿವೆಯ ತಳ. ಅಲ್ಲಿಂದ ತಲೆಯೆತ್ತಿ ನೋಡಿದರೆ 11,049 ಅಡಿ ಎತ್ತರದ ಟೆಲಿಸ್ಕೋಪ್ ಶಿಖರ ಕಾಣುತ್ತದೆ. ವರ್ಷಕ್ಕೆ ಸರಾಸರಿ ಎರಡು ಅಂಗುಲ ಮಳೆಯಾದರೆ ಹೆಚ್ಚು. 1913ರ ಜುಲೈ 10ರಂದು ಇಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೇ ಜಗತ್ತಿನ ಅಧಿಕೃತ ದಾಖಲೆ.

ಇಂಥ ನೆಲದಲ್ಲೂ ಟಿಂಬಿಶಾ ಶೋಶೋನಿ ಜನ ತಲೆತಲಾಂತರದಿಂದ ಬಾಳಿದ್ದಾರೆ. ಬೇಸಿಗೆಯಲ್ಲಿ ಬೆಟ್ಟ ಹತ್ತಿ, ಚಳಿಗಾಲದಲ್ಲಿ ಕಣಿವೆಗೆ ಇಳಿಯುವುದು ಅವರ ಕ್ರಮ. ‘ಸಾವಿನ ಕಣಿವೆ’ ಎಂಬ ಹೆಸರು ಅವರದಲ್ಲ, ಅವರಿಗೆ ಅದು ಒಪ್ಪಿಗೆಯೂ ಇಲ್ಲ. 1849ರಲ್ಲಿ ಚಿನ್ನದ ಆಸೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೊರಟ ವಲಸಿಗರ ಒಂದು ತಂಡ ಅಡ್ಡದಾರಿ ಹಿಡಿದು ಬಂದು ಈ ಕಣಿವೆಯಲ್ಲಿ ಸಿಕ್ಕಿಕೊಂಡಿತು. ಅವರಲ್ಲಿ ವಿಲಿಯಂ ಮ್ಯಾನ್ಲಿ ಮತ್ತು ಜಾನ್ ರೋಜರ್ಸ್ ಎಂಬಿಬ್ಬರು ಯುವಕರು ಮರುಭೂಮಿಯನ್ನು ಕಾಲ್ನಡಿಗೆಯಲ್ಲೇ ದಾಟಿ ಹೋಗಿ, ಆಹಾರ ಹೊತ್ತು ತಂದು ಉಳಿದವರನ್ನು ಕಾಪಾಡಿದರು. ಕಣಿವೆಗೆ ಈಗಿನ ಹೆಸರು ಅಂಟಿಕೊಂಡದ್ದು ಆ ತಂಡದಿಂದ.

ಆಮೇಲೆ ಬಂದದ್ದು ಗಣಿಗಳ ಕಾಲ. 1883ರಿಂದ 1889ರವರೆಗೆ ಇಲ್ಲಿನ ಬೋರಾಕ್ಸ್, ಅಂದರೆ ನಮ್ಮ ಅಕ್ಕಸಾಲಿಗರು ಬಳಸುವ ಬಿಳಿಗಾರ, 165 ಮೈಲಿ ದೂರದ ಮೊಹಾವೆ ರೈಲು ನಿಲ್ದಾಣಕ್ಕೆ ಗಾಡಿಗಳಲ್ಲೇ ಸಾಗುತ್ತಿತ್ತು. ಒಂದು ಸಾಲಿಗೆ ಇಪ್ಪತ್ತು ಪ್ರಾಣಿಗಳು: ಹದಿನೆಂಟು ಹೇಸರಗತ್ತೆ, ಎರಡು ಕುದುರೆ. ಹಿಂದೆ ಎರಡು ದೊಡ್ಡ ಬಂಡಿ, ಅದರ ಹಿಂದೆ ನೀರಿನ ಟ್ಯಾಂಕು. ಒಮ್ಮೆ ಹೋಗಲು ಸುಮಾರು ಹತ್ತು ದಿನ.

ಇಂದು ಪ್ರವಾಸಿಗರು ಸಂತೋಷಕ್ಕೆಂದು ಜೀಪು ಓಡಿಸುವ ಹಾದಿಗಳಲ್ಲಿ ಬಹಳಷ್ಟು ಇಂಥ ಗಣಿಗಳ ಉಳಿಕೆಯೇ. ಟೈಟಸ್ ಕಣಿವೆಯ ಸುಮಾರು 27 ಮೈಲಿ ರಸ್ತೆಯನ್ನೇ ನೋಡಿ. ಸಿ. ಸಿ. ಜೂಲಿಯನ್ ಎಂಬ ವ್ಯಾಪಾರಿ 1926ರಲ್ಲಿ ಸೀಸದ ಗಣಿಯ ಆಸೆ ತೋರಿಸಿ ಷೇರು ಮಾರಿದ. ಲೆಡ್‌ಫೀಲ್ಡ್ ಎಂಬ ಊರು ಎದ್ದಿತು, ಬೆಟ್ಟ ಕಡಿದು ರಸ್ತೆಯಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ತೆರೆದ ಅಂಚೆ ಕಚೇರಿ ಮರುವರ್ಷದ ಜನವರಿಯಲ್ಲೇ ಮುಚ್ಚಿತು! ಊರು ಹಾಳಾಯಿತು, ರಸ್ತೆ ಉಳಿಯಿತು. 1933ರಲ್ಲಿ ಕಣಿವೆ ರಾಷ್ಟ್ರೀಯ ಸ್ಮಾರಕವಾದಾಗ, ಆರ್ಥಿಕ ಕುಸಿತದಿಂದ ನಿರುದ್ಯೋಗಿಗಳಾಗಿದ್ದ ಯುವಕರಿಗೆ ಸರ್ಕಾರ ಇಲ್ಲಿ ರಸ್ತೆ ಕೆಲಸ ಕೊಟ್ಟಿತು. ಅವರು ಹಸನು ಮಾಡಿದ ರಸ್ತೆ ಐನೂರು ಮೈಲಿ. ಎರಡನೇ ಮಹಾಯುದ್ಧದ ನಂತರ ಸೇನೆ ಮಾರಿದ ಹಳೆಯ ಜೀಪುಗಳು ಜನಸಾಮಾನ್ಯರ ಕೈಗೆ ಬಂದವು. ಮರುಭೂಮಿಯಲ್ಲಿ ಗಾಡಿ ಓಡಿಸುವುದು ಹವ್ಯಾಸವಾದದ್ದು ಆಗ. ಅದೇ ವಿಲ್ಲಿಸ್ ಜೀಪನ್ನು ಮಹೀಂದ್ರದವರು 1947ರಲ್ಲಿ ಭಾರತದಲ್ಲಿ ಜೋಡಿಸತೊಡಗಿದರು. ಮಲೆನಾಡಿನ ಮತ್ತು ಕೊಡಗಿನ ಕಾಫಿ ತೋಟದ ಹಾದಿಗಳಲ್ಲಿ ಓಡಿದ ಜೀಪು ಇದೇ ವಂಶದ್ದು.

ಮರಳಿನ ಗುಟ್ಟು

ಮರಳಿನ ಮೇಲೆ ಮೋಟಾರು ಓಡಿಸುವ ವಿದ್ಯೆಗೆ ಒಬ್ಬ ಗುರುವಿದ್ದಾನೆ. ಅವನು ರಾಲ್ಫ್ ಬ್ಯಾಗ್ನಾಲ್ಡ್ (1896-1990) ಎಂಬ ಬ್ರಿಟಿಷ್ ಸೇನಾ ಎಂಜಿನಿಯರ್. 1920ರ ದಶಕದಲ್ಲಿ ಈಜಿಪ್ಟಿನಲ್ಲಿ ಕೆಲಸಕ್ಕಿದ್ದಾಗ ರಜೆ ಸಿಕ್ಕಾಗಲೆಲ್ಲ ಗೆಳೆಯರೊಡನೆ ಫೋರ್ಡ್ ಕಾರುಗಳನ್ನು ಲಿಬಿಯಾದ ಮರಳುಗಾಡಿಗೆ ನುಗ್ಗಿಸುತ್ತಿದ್ದ. ಒಂಟೆಗೆ ಮಾತ್ರ ಸಾಧ್ಯವೆಂದು ಎಲ್ಲರೂ ಬಿಟ್ಟಿದ್ದ ಮರಳದಿಬ್ಬಗಳನ್ನು ಅವನು ಕಾರಿನಲ್ಲಿ ಏರಿದ. ಟೈರಿನ ಗಾಳಿ ಇಳಿಸುವುದು, ಸಿಕ್ಕಿಕೊಂಡ ಚಕ್ರದಡಿ ಉಕ್ಕಿನ ಪಟ್ಟಿ ಹಾಸುವುದು, ಸೂರ್ಯನ ನೆರಳಿನಿಂದ ದಿಕ್ಕು ಹಿಡಿಯುವುದು, ರೇಡಿಯೇಟರಿನಿಂದ ಕುದಿದು ಹೋಗುವ ನೀರನ್ನು ಹಬೆ ತಣಿಸಿ ಮರಳಿ ಪಡೆಯುವುದು ಇವೆಲ್ಲ ಆ ಪ್ರಯಾಣಗಳಲ್ಲಿ ಪಳಗಿದ ಉಪಾಯಗಳು. 1940ರಲ್ಲಿ ಅವನು ಕಟ್ಟಿದ ಮರುಭೂಮಿ ಗಸ್ತುಪಡೆ ಇದೇ ವಿದ್ಯೆಯ ಬಲದಿಂದ ಶತ್ರುಗಳ ಬೆನ್ನ ಹಿಂದೆ ಸುಳಿದಾಡಿತು. ಮರಳು ಗಾಳಿಯಲ್ಲಿ ಹೇಗೆ ಚಲಿಸುತ್ತದೆ ಎಂದು ಅವನು 1941ರಲ್ಲಿ ಬರೆದ ಗ್ರಂಥ ಇಂದಿಗೂ ಪ್ರಮಾಣ. ಮಂಗಳ ಗ್ರಹದ ಮರಳದಿಬ್ಬಗಳಿಗೂ ನಾಸಾ ಅವನ ಹೆಸರಿಟ್ಟಿದೆ.

ಗಾಳಿ ಇಳಿಸುವುದರಿಂದ ಏನಾಗುತ್ತದೆ? ಕುದುರೆಯ ಗೊರಸು ಮರಳಿನಲ್ಲಿ ಹೂತುಹೋಗುತ್ತದೆ, ಒಂಟೆಯ ಅಗಲ ಪಾದ ಹೂಳುವುದಿಲ್ಲ. ಬಿಗಿಯಾಗಿ ಗಾಳಿ ತುಂಬಿದ ಟೈರು ಗೊರಸಿನಂತೆ, ಗಾಳಿ ಇಳಿಸಿದ ಟೈರು ಒಂಟೆಯ ಪಾದದಂತೆ. ಡಾಂಬರಿನ ಮೇಲೆ 35 ಪೌಂಡ್ ಇದ್ದದ್ದನ್ನು ಕಲ್ಲಿನ ಹಾದಿಗೆ 20-25ಕ್ಕೆ, ಸಡಿಲ ಮರಳಿಗೆ 15-20ಕ್ಕೆ ಇಳಿಸುವುದು ವಾಡಿಕೆ. ಆದರೆ ಗಾಳಿ ಇಳಿಸಿದ ಟೈರಿನಲ್ಲಿ ವೇಗ ಕೂಡದು. ಟೈರು ಕಾಯುತ್ತದೆ, ತಿರುವಿನಲ್ಲಿ ರಿಮ್ಮಿನಿಂದ ಕಳಚಲೂಬಹುದು. ಡಾಂಬರಿಗೆ ಮರಳಿದ ಕೂಡಲೇ ಗಾಳಿ ತುಂಬಬೇಕು. ಅದಕ್ಕಾಗಿಯೇ ಪಂಪು ಮತ್ತು ಗಾಳಿ ಅಳೆಯುವ ಗೇಜು ಹೊಸಬರ ಮೊದಲ ಖರೀದಿಯಾಗಬೇಕು, ಅಲಂಕಾರದ ದೀಪಗಳಲ್ಲ.

ಹೊಸಬರಿಗೆ ಅಕ್ಷರಾಭ್ಯಾಸ

‘ಫೋರ್ ವ್ಹೀಲ್ ಡ್ರೈವ್’ ಇದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದು ಮೊದಲ ಭ್ರಮೆ. ಅನುಭವಿಗಳು ತಮಾಷೆಗೆ ಹೇಳುವುದುಂಟು: ಎರಡು ಚಕ್ರದ ಎಳೆತದಲ್ಲಿ ಹತ್ತಿರದಲ್ಲೇ ಸಿಕ್ಕಿಕೊಳ್ಳುತ್ತೀರಿ, ನಾಲ್ಕು ಚಕ್ರದ ಎಳೆತದಲ್ಲಿ ಬಹಳ ದೂರ ಹೋಗಿ ಸಿಕ್ಕಿಕೊಳ್ಳುತ್ತೀರಿ!

ಕಲ್ಲಿನ ಹಾದಿಯಲ್ಲಿ ನಿಧಾನವೇ ಪ್ರಧಾನ. ಅನುಮಾನ ಬಂದಲ್ಲಿ ಇಳಿದು ನಡೆದು ನೋಡಬೇಕು. ದೊಡ್ಡ ಕಲ್ಲು ಎದುರಾದರೆ ಅದನ್ನು ಎರಡು ಚಕ್ರಗಳ ನಡುವೆ ಬಿಟ್ಟು ದಾಟುವ ಆಸೆಯಾಗುತ್ತದೆ. ಆಗ ಗಾಡಿಯ ಹೊಟ್ಟೆಗೆ ಏಟು ಬೀಳುತ್ತದೆ. ಚಕ್ರವನ್ನೇ ಮೆಲ್ಲಗೆ ಕಲ್ಲಿನ ಮೇಲೆ ಹತ್ತಿಸಿದರೆ ಗಾಡಿ ತಾನಾಗಿ ಮೇಲೇಳುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಹಿಡಿಯದೆ ಕಡಿಮೆ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಬಿಡಬೇಕು. ಇಕ್ಕಟ್ಟಿನಲ್ಲಿ ಎದುರುಬದುರಾದರೆ ಏರುವ ಗಾಡಿಗೆ ಮೊದಲ ದಾರಿ. ಇದು ನಮ್ಮ ಘಟ್ಟದ ಚಾಲಕರಿಗೂ ಗೊತ್ತಿರುವ ರೂಢಿ.

ಮರಳಿನಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಒಂದೇ ಸಮನಾದ ಓಟ ಬೇಕು. ಥಟ್ಟನೆ ಬ್ರೇಕ್ ಹಾಕಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ. ಸಿಕ್ಕಿಕೊಂಡಾಗ ಆಕ್ಸಿಲರೇಟರ್ ತುಳಿಯುವುದೇ ದೊಡ್ಡ ತಪ್ಪು. ತುಳಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಇಳಿದು ಸಲಿಕೆಯಿಂದ ಮರಳು ಸರಿಸಿ, ಇನ್ನಷ್ಟು ಗಾಳಿ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯುವುದು ಲೇಸು.

ಇನ್ನು ಈ ರಸ್ತೆಗಳನ್ನು ಕುಖ್ಯಾತವಾಗಿಸಿದ್ದು ತಗಡಿನ ಛಾವಣಿಯಂತೆ ಸಾಲಾಗಿ ಏಳುವ ಅಲೆಗಳು. ಉಬೆಹೆಬೆ ಎಂಬ ಜ್ವಾಲಾಮುಖಿ ಕುಳಿಯಿಂದ ರೇಸ್‌ಟ್ರ್ಯಾಕ್ ಎಂಬ ಒಣಕೆರೆಗೆ ಹೋಗುವ 27 ಮೈಲಿಯೂ ಹೀಗೆಯೇ. ಗಾಡಿಯ ನಟ್ಟುಬೋಲ್ಟುಗಳೆಲ್ಲ ಸಡಿಲವಾಗುತ್ತವೆ. ಇದಕ್ಕೆ ರಸ್ತೆ ಮಾಡಿದವರ ದೋಷವಾಗಲಿ ನಿರ್ದಿಷ್ಟ ವಾಹನವಾಗಲಿ ಕಾರಣವಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ವಿಜ್ಞಾನಿಯೂ ಸೇರಿದಂತೆ ಭೌತವಿಜ್ಞಾನಿಗಳ ತಂಡವೊಂದು ಮರಳಿನ ಮೇಲೆ ಚಕ್ರ ಉರುಳಿಸಿ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ಮಿತಿಗಿಂತ ವೇಗವಾಗಿ ಉರುಳುವ ಯಾವ ಚಕ್ರವೂ ಸಡಿಲ ನೆಲದಲ್ಲಿ ಅಲೆ ಎಬ್ಬಿಸಿಯೇ ತೀರುತ್ತದೆ. ಆ ಮಿತಿ ನಡಿಗೆಯ ವೇಗಕ್ಕಿಂತ ತುಸು ಹೆಚ್ಚು, ಅಷ್ಟೇ. ಹಾಗಾಗಿ ಅಲೆಗಳನ್ನು ತಪ್ಪಿಸುವಂತಿಲ್ಲ, ಸಹಿಸಬೇಕು. ಇಲ್ಲಿ ಚೂಪುಕಲ್ಲಿಗೆ ಟೈರು ಸೀಳುವುದು ಸಾಮಾನ್ಯ. ಗಟ್ಟಿ ಟೈರು, ಪೂರ್ಣ ಅಳತೆಯ ಸ್ಟೆಪ್ನಿ, ಕೆಲಸ ಮಾಡುವ ಜಾಕ್ ಇಲ್ಲದೆ ಹೊರಡಬಾರದು. ಗಾಡಿ ಎಳೆದು ತರಿಸಬೇಕಾದರೆ ಸಾವಿರ ಡಾಲರು ಮೀರಿದ ಖರ್ಚು.

ಯಾರಿಗೂ ಹೇಳದೆ ಹೋದವರು

1996ರ ಜುಲೈನಲ್ಲಿ ಯುರೋಪಿನಿಂದ ಬಂದಿದ್ದ ನಾಲ್ವರು ಪ್ರವಾಸಿಗರು, ಅವರಲ್ಲಿ ಇಬ್ಬರು ಮಕ್ಕಳು, ಬಾಡಿಗೆಯ ಸಾಧಾರಣ ವ್ಯಾನಿನಲ್ಲಿ ಬೆಟ್ಟದ ಕಚ್ಚಾ ಹಾದಿಗೆ ಇಳಿದರು. ಎಲ್ಲಿಗೆ ಹೋಗುತ್ತೇವೆಂದು ಯಾರಿಗೂ ತಿಳಿಸಿರಲಿಲ್ಲ. ಅಕ್ಟೋಬರಿನಲ್ಲಿ ಹೆಲಿಕಾಪ್ಟರಿನಿಂದ ಗಸ್ತು ತಿರುಗುತ್ತಿದ್ದ ಸಿಬ್ಬಂದಿಗೆ ಆನ್ವಿಲ್ ಕಣಿವೆಯಲ್ಲಿ ವ್ಯಾನು ಕಂಡಿತು. ಟೈರುಗಳು ಚಪ್ಪಟೆಯಾಗಿದ್ದವು. ಒಳಗೆ ಯಾರೂ ಇರಲಿಲ್ಲ. ದೊಡ್ಡ ಶೋಧ ನಡೆದರೂ ಸುಳಿವು ಸಿಗಲಿಲ್ಲ. ಹದಿಮೂರು ವರ್ಷಗಳ ನಂತರ, 2009ರಲ್ಲಿ, ಸ್ವಯಂಪ್ರೇರಿತರಾಗಿ ಹುಡುಕಿಕೊಂಡು ಹೋದವರಿಗೆ ವ್ಯಾನಿನಿಂದ ಹಲವು ಮೈಲಿ ದೂರದಲ್ಲಿ ಅಸ್ಥಿಗಳು ಸಿಕ್ಕವು.

ಗಾಡಿ ಕೆಟ್ಟರೆ ಅದನ್ನು ಬಿಟ್ಟು ಹೋಗಬೇಡಿ ಎಂಬುದು ಮರುಭೂಮಿಯ ಹಳೆಯ ನಿಯಮ. ಆಕಾಶದಿಂದ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ, ಅದರ ನೆರಳೂ ಪ್ರಾಣ ಉಳಿಸುತ್ತದೆ. ಆದರೆ ಯಾರಾದರೂ ಹುಡುಕಿ ಬರುತ್ತಾರೆ ಎಂಬ ಭರವಸೆ ಇದ್ದರೆ ಮಾತ್ರ ಈ ನಿಯಮಕ್ಕೆ ಬೆಲೆ. ಆ ವ್ಯಾನು ಕಣ್ಣಿಗೆ ಬೀಳಲು ಮೂರು ತಿಂಗಳು ಹಿಡಿಯಿತು. ಆದ್ದರಿಂದ ಎಲ್ಲಕ್ಕಿಂತ ಮೊದಲ ಪಾಠ ಸ್ಟೀರಿಂಗಿಗೆ ಸಂಬಂಧಿಸಿದ್ದಲ್ಲ: ಯಾವ ಹಾದಿ, ಎಂದು ವಾಪಸು ಎಂಬುದನ್ನು ಮನೆಯವರಿಗೋ ಸ್ನೇಹಿತರಿಗೋ ತಿಳಿಸಿಯೇ ಹೊರಡುವುದು. ಎರಡನೆಯದು, ತಲಾ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ನೀರು, ಅದರ ಮೇಲೆ ಆಪತ್ಕಾಲಕ್ಕೆ ಇನ್ನಷ್ಟು. ಮೂರನೆಯದು, ಬೇಸಿಗೆಯಲ್ಲಿ ಈ ಹಾದಿಗಳಿಗೆ ಕಾಲಿಡದಿರುವುದು. ಮೊಬೈಲ್ ಫೋನು ಬಹಳ ಕಡೆ ಕೆಲಸ ಮಾಡುವುದಿಲ್ಲ. ಉಪಗ್ರಹದ ನಕಾಶೆ ಎಂದೋ ಮುಚ್ಚಿದ ಗಣಿರಸ್ತೆಯನ್ನೂ ರಸ್ತೆ ಎಂದೇ ತೋರಿಸುತ್ತದೆ. ಕಾಗದದ ನಕಾಶೆ ಇರಲಿ, ಹೊರಡುವ ದಿನ ಉದ್ಯಾನದ ಕಚೇರಿಯಲ್ಲಿ ರಸ್ತೆಯ ಸ್ಥಿತಿ ವಿಚಾರಿಸುವುದೂ ಇರಲಿ.

ವಿಚಾರಿಸಲೇಬೇಕು, ಏಕೆಂದರೆ ಇಲ್ಲಿ ರಸ್ತೆ ಒಂದೇ ದಿನದಲ್ಲಿ ಮಾಯವಾಗುತ್ತದೆ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಶೇಷ ಒಂದೇ ದಿನದಲ್ಲಿ 2.2 ಅಂಗುಲ ಮಳೆ ಸುರಿಸಿತು. ಅದು ಇಡೀ ವರ್ಷದ ಮಳೆ. ಪ್ರವಾಹಕ್ಕೆ ಟೈಟಸ್ ಕಣಿವೆಯ ರಸ್ತೆಯೂ ಕೊಚ್ಚಿಹೋಗಿ ಸಂಚಾರ ನಿಂತಿತು. ದೂರದ ಬೆಟ್ಟದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿರುವಾಗಲೇ ಒಣಹಳ್ಳಕ್ಕೆ ನೀರು ನುಗ್ಗುತ್ತದೆ. ಹಳ್ಳದಲ್ಲಿ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಬಾರದು ಎನ್ನುವುದು ಇದಕ್ಕೇ.

ನೆಲ ಮರೆಯುವುದಿಲ್ಲ

ಮರುಭೂಮಿ ಬರಿದು, ಅಲ್ಲಿ ಹಾಳಾಗುವಂಥದ್ದೇನಿದೆ ಎಂದು ಕೇಳುವವರುಂಟು. ಮಳೆ ಇಲ್ಲದ ನೆಲದಲ್ಲಿ ಗುರುತು ಅಳಿಸುವವರೂ ಇಲ್ಲ. 1942ರಲ್ಲಿ ಜನರಲ್ ಪ್ಯಾಟನ್ ಮೊಹಾವೆ ಸೀಮೆಯಲ್ಲಿ ಸೈನಿಕರಿಗೆ ತರಬೇತಿ ಕೊಟ್ಟಾಗ ಟ್ಯಾಂಕುಗಳು ಮೂಡಿಸಿದ ಗೆರೆಗಳು ಇಂದಿಗೂ ಕಾಣುತ್ತವೆ. ಮಣ್ಣಿನ ಮೇಲ್ಪದರದಲ್ಲಿ ಪಾಚಿ, ಶಿಲಾವಲ್ಕ, ಸೂಕ್ಷ್ಮಜೀವಿಗಳು ಹೆಣೆದ ಒಂದು ಹೊಕ್ಕೆ ಇರುತ್ತದೆ. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು ಅದೇ. ಒಮ್ಮೆ ಚಕ್ರ ಹಾಯ್ದರೆ ಅದು ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು.

ರೇಸ್‌ಟ್ರ್ಯಾಕ್ ಒಣಕೆರೆಯಲ್ಲಿ ಕಲ್ಲುಗಳು ತಾವಾಗಿಯೇ ಸರಿದು ಉದ್ದನೆಯ ಗೆರೆ ಬಿಡುತ್ತವೆ. ಬಹುಕಾಲದ ಈ ಒಗಟನ್ನು ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ 2013ರ ಡಿಸೆಂಬರಿನಲ್ಲಿ ಕಣ್ಣಾರೆ ಕಂಡು ಬಿಡಿಸಿದರು. ತೆಳು ನೀರಿನ ಮೇಲೆ ಕಟ್ಟಿದ ಕಿಟಕಿಗಾಜಿನಂಥ ಮಂಜುಗಡ್ಡೆ ಬಿಸಿಲಿಗೆ ಒಡೆದು, ಮಂದ ಗಾಳಿಗೆ ತೇಲಿ ಕಲ್ಲನ್ನು ತಳ್ಳುತ್ತದೆ. 2016ರಲ್ಲಿ ಯಾರೋ ಅದೇ ಕೆರೆಯಂಗಳಕ್ಕೆ ಗಾಡಿ ನುಗ್ಗಿಸಿ ಸುಮಾರು ಹತ್ತು ಮೈಲಿ ಚಕ್ರದ ಗುರುತು ಕೊರೆದು ಹೋದರು. ಪ್ರಕೃತಿ ವರ್ಷಗಟ್ಟಲೆ ಕಾದು ಬರೆದ ಬರಹದ ಮೇಲೆ ಒಂದು ಹೊತ್ತಿನ ಮೋಜು ಗೀಚಿದ್ದು ಇಷ್ಟು.

ರಸ್ತೆಯಾಚೆ ವಾಹನ ಓಡಿಸುವುದಕ್ಕೆ ಸರ್ಕಾರಿ ನೆಲದಲ್ಲಿ ಲಗಾಮು ಹಾಕಿದ್ದು 1972ರಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶ. 1994ರ ಕಾಯಿದೆ ಡೆತ್ ವ್ಯಾಲಿಯನ್ನು ರಾಷ್ಟ್ರೀಯ ಉದ್ಯಾನವಾಗಿಸಿ ಬಹುಭಾಗವನ್ನು ವಾಹನವಿಲ್ಲದ ವನ್ಯಪ್ರದೇಶವೆಂದು ಸಾರಿತು. 2000ದಲ್ಲಿ ಇನ್ನೊಂದು ಕಾಯಿದೆ ಟಿಂಬಿಶಾ ಜನರಿಗೆ ಅವರದೇ ನೆಲದಲ್ಲಿ ಸುಮಾರು 7,700 ಎಕರೆ ಹಿಂದಿರುಗಿಸಿತು. ಪ್ರವಾಸಿಗರು ‘ಯಾರೂ ಇಲ್ಲದ ಜಾಗ’ ಎಂದು ಭಾವಿಸುವ ಕಣಿವೆ ಅವರಿಗೆ ಮನೆಯಂಗಳ.

ಹೊಸ ಚಾಲಕನಿಗೆ ಮರುಭೂಮಿ ಹೇಳುವುದು ಇಷ್ಟೇ. ಹೊರಡುವ ಮುನ್ನ ಒಬ್ಬರಿಗೆ ಹೇಳಿ ಹೋಗು. ಟೈರಿನ ಗಾಳಿಯ ಜೊತೆಗೆ ಗರ್ವವನ್ನೂ ತುಸು ಇಳಿಸು. ಗಾಡಿಗೆ ಶಕ್ತಿ ಇದ್ದರೂ ಹಾದಿ ಬಿಟ್ಟು ಇಳಿಯಬೇಡ. ದಾರಿ ಕೆಟ್ಟಿದೆ ಎಂದು ಕಂಡಾಗ ಗಾಡಿ ತಿರುಗಿಸಿ ಬರುವುದು ಸೋಲಲ್ಲ. ಮರುಭೂಮಿಯಲ್ಲಿ ಬಹಳ ವರ್ಷ ಗಾಡಿ ಓಡಿಸಿದವರೆಲ್ಲ ಹಾಗೆ ಎಷ್ಟೋ ಸಲ ತಿರುಗಿ ಬಂದವರೇ.