ಗ್ದ್ಯೆ ಬಲೀತ್? ಎಲ್ಲಿ ನೋವು? ಕೊಪ್ಪದಲ್ಲಿ ಕೂತು ರಷ್ಯನ್ ಕಲಿತ ಕತೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ತೋಟದಲ್ಲಿ ನೆಟ್‌ವರ್ಕ್ ಸಿಗೋ ಒಂದೇ ಒಂದು ಜಾಗದಲ್ಲಿ ನಿಂತು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತು ರಷ್ಯನ್ ಭಾಷೆಯ ಬಗ್ಗೆ ಮಾತಾಡೋಣ. "ಎಂಥ ಮಾರಾಯ್ತಿ, ಕೊಪ್ಪದಲ್ಲಿ ಕೂತು ರಷ್ಯನ್ ಯಾಕೆ?" ಅಂತ ನಮ್ಮನೇಲೂ ಕೇಳಿದ್ರು. ಹೇಳ್ತೀನಿ.

ನಮ್ಮ ಚಿಕ್ಕಪ್ಪನ ಮನೆ ನರಸಿಂಹರಾಜಪುರದ ಹತ್ತಿರ. ಅಡಿಕೆ ತೋಟ, ಸ್ವಲ್ಪ ಕಾಫಿ. ಅವರ ಮಗಳು ಎಂಬಿಬಿಎಸ್ ಓದೋಕೆ ರಷ್ಯಾಕ್ಕೆ ಹೊರಟಾಗ, ಮನೇಲಿ ಬಿ.ಕಾಂ ಮಾಡಿದವಳು ನಾನೊಬ್ಬಳೇ ಅಂತ ಖರ್ಚಿನ ಲೆಕ್ಕ ನನ್ನ ಕೈಗೆ ಬಂತು. ಎಕ್ಸೆಲ್ ಶೀಟ್ ಮಾಡಿದೆ. ಫೀಸು, ಹಾಸ್ಟೆಲ್ಲು, ಟಿಕೆಟ್ಟು, ವೀಸಾ, ಚಳಿಗೆ ಜಾಕೆಟ್ಟು. ಪ್ರತಿ ಸಾಲಿಗೂ ರೂಪಾಯಿ ಹಾಕಿದೆ. ಭಾಷೆ ಅನ್ನೋ ಸಾಲೇ ಇರಲಿಲ್ಲ. ಏಜೆಂಟ್ ಹೇಳಿದ್ರು, "ಎಲ್ಲ ಇಂಗ್ಲಿಷಲ್ಲೇ ಇರುತ್ತೆ ಮೇಡಂ, ಭಾಷೆ ತಲೆನೋವೇ ಇಲ್ಲ." ನಾನೂ ನಂಬಿದೆ.

ಅವರು ಹೇಳಿದ್ದು ಅರ್ಧ ನಿಜ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ವಿದೇಶಿ ಎಂಬಿಬಿಎಸ್ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಪಾಠ ಇಂಗ್ಲಿಷಲ್ಲೇ ಆಗಬೇಕು. ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಅದೇ ವಿದೇಶಿ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಪಾಠ ಇಂಗ್ಲಿಷಲ್ಲಿ ಇರಬಹುದು. ಹಾಸಿಗೆ ಮೇಲೆ ಮಲಗಿರೋ ಅಜ್ಜಿಗೆ ಇಂಗ್ಲಿಷ್ ಬರುತ್ತಾ?

ಮೂರನೇ ವರ್ಷ ಆಸ್ಪತ್ರೆಗೆ ಹೋದ ಮೊದಲ ವಾರ ಅವಳು ರಾತ್ರಿ ಫೋನ್ ಮಾಡಿದ್ಲು. "ಅಕ್ಕ, ಒಬ್ಬರು ಅಜ್ಜಿ ನನ್ನ ಕೈ ಹಿಡ್ಕೊಂಡು ಐದು ನಿಮಿಷ ಏನೋ ಹೇಳಿದ್ರು. ನಂಗೆ ಒಂದು ಪದಾನೂ ಗೊತ್ತಾಗಲಿಲ್ಲ. ಸುಮ್ನೆ ತಲೆ ಆಡಿಸಿದೆ." ಎರಡು ವರ್ಷ ಭಾಷಾ ಕ್ಲಾಸ್ ಇತ್ತು. ಪರೀಕ್ಷೆಗೆ ಓದಿ ಪಾಸಾಗಿ ಮರೆತಿದ್ಲು, ಅಷ್ಟೆ. ಅವತ್ತು ನಾನಂದೆ, "ಇಬ್ಬರೂ ಮೊದಲಿಂದ ಕಲಿಯೋಣ. ದಿನಾ ಹತ್ತು ಪದ. ರಾತ್ರಿ ಒಬ್ಬರಿಗೊಬ್ಬರು ಒಪ್ಪಿಸೋಣ."

ನಾನು ಹಾಕ್ಕೊಂಡ ಆ್ಯಪ್ ಇಂಗ್ಲಿಷ್ ಮೂಲಕ ರಷ್ಯನ್ ಕಲಿಸೋದು. ಎರಡು ವಾರ ಒದ್ದಾಡಿದೆ. ಆಮೇಲೆ ಗೊತ್ತಾಯ್ತು, ಕನ್ನಡದ ಬಾಗಿಲಿಂದ ಹೋದರೆ ರಷ್ಯನ್ ಅರ್ಧ ಸುಲಭ. ಇವತ್ತಿನ ಸಂಚಿಕೆಯ ಒಟ್ಟು ಸಾರ ಇದೇ.

ಮೊದಲು ಅಕ್ಷರ. ಶೃಂಗೇರಿ ಶಾರದಾಂಬೆ ದೇವಸ್ಥಾನದಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸೋದು ನೋಡಿರ್ತೀರಿ. ತಟ್ಟೆ ತುಂಬ ಅಕ್ಕಿ, ಅಪ್ಪ ಅಮ್ಮ ಬೆರಳು ಹಿಡಿದು ಬರೆಸೋದು. ರಷ್ಯನ್‌ಗೂ ಹಾಗೇ ಕೂತ್ಕೋಬೇಕು, ಮೂರು ವರ್ಷದ ಮಗು ಥರ. ಅಕ್ಷರ 33 ಮಾತ್ರ. ಕನ್ನಡದ 49 ಕಲಿತವರಿಗೆ ಇದು ಹೆಚ್ಚಲ್ಲ. ಮೋಸ ಮಾಡೋದು ನಮಗೆ ಬರೋ ಇಂಗ್ಲಿಷ್ ಅಕ್ಷರಗಳು. ಇಂಗ್ಲಿಷ್ 'ಪಿ' ಥರ ಕಾಣೋದು ರಷ್ಯನ್‌ನಲ್ಲಿ 'ರ'. 'ಎಚ್' ಥರ ಕಾಣೋದು 'ನ'. 'ಸಿ' ಥರ ಕಾಣೋದು 'ಸ'. 'ಬಿ' ಥರ ಕಾಣೋದು 'ವ'. ಅವಳು ಮೊದಲ ದಿನ ಒಂದು ಬೋರ್ಡ್ ನೋಡಿ "ಪೆಕ್ಟೋಪಾ" ಅಂತ ಓದಿದ್ಲಂತೆ. ಅದು ರೆಸ್ಟೋರೆಂಟ್! ರಷ್ಯನ್‌ನಲ್ಲಿ 'ರೆಸ್ತರಾನ್'. ಈ ಅಕ್ಷರಗಳಿಗೆ ಒಂದು ವಾರ ಕೊಡಿ. ಫೋನ್ ಕೀಬೋರ್ಡಲ್ಲಿ ರಷ್ಯನ್ ಸೇರಿಸಿ, ನಿಮ್ಮೂರಿನ ಹೆಸರು ಟೈಪ್ ಮಾಡಿ ನೋಡಿ.

ಆಮೇಲೆ ಪದ. ಎಲ್ಲಿಂದ ಶುರು ಮಾಡೋದು? ಎನ್.ಆರ್. ಪುರದ ಸಂತೆ ನೆನಪು ಮಾಡ್ಕೊಳ್ಳಿ. ಕನ್ನಡ, ಮಲಯಾಳಂ, ತುಳು, ಕೊಂಕಣಿ ಎಲ್ಲಾ ಕಿವಿಗೆ ಬೀಳುತ್ತೆ. ಅಂಗಡಿಯವರು ಮಲಯಾಳಂ ವ್ಯಾಕರಣ ಓದಿ ಕಲಿತರಾ? ಇಲ್ಲ. ಮೊದಲು ಎಣಿಕೆ, ಆಮೇಲೆ ಸಾಮಾನಿನ ಹೆಸರು, ಆಮೇಲೆ "ಎಷ್ಟು". ನಾವೂ ಅದೇ ದಾರಿ ಹಿಡಿದ್ವಿ.

ಎಣಿಕೆ ಕೇಳಿ. ಎರಡು, 'ದ್ವಾ'. ಮೂರು, 'ತ್ರೀ'. ನಾಲ್ಕು, 'ಚಿತೀರೆ'. ಹತ್ತು, 'ದ್ಯೇಸಿತ್'. ನೂರು, 'ಸ್ತೋ'. ದ್ವಿಚಕ್ರ, ತ್ರಿಕೋನ, ಚತುರ್ಭುಜ, ದಶಕ, ಶತಕ ನೆನಪಾಗಲಿಲ್ವಾ? ಸಂಸ್ಕೃತ, ರಷ್ಯನ್ ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ನಮ್ಮ ಕನ್ನಡ ದ್ರಾವಿಡ, ಆದರೆ ಸಂಸ್ಕೃತದಿಂದ ಬೇಕಾದಷ್ಟು ಪದ ತಗೊಂಡಿದೆ. ಆ ಗಂಟು ಇಲ್ಲಿ ಉಪಯೋಗಕ್ಕೆ ಬರುತ್ತೆ. ಬಾಗಿಲು 'ದ್ವ್ಯೇರ್', ನಮ್ಮ ದ್ವಾರ. ಬೆಂಕಿ 'ಅಗೋನ್', ಅಗ್ನಿ. ಹೊಗೆ 'ದಿಮ್', ಧೂಮ. ಜೇನು 'ಮ್ಯೋತ್', ಮಧು. ಅಣ್ಣ ತಮ್ಮ 'ಬ್ರಾತ್', ಭ್ರಾತೃ. ಇನ್ನು ಸಕ್ಕರೆ 'ಸಾಖರ್'. ಚಹಾ 'ಚಾಯ್'. ಅನಾನಸು ಹಣ್ಣಿಗೆ 'ಅನನಾಸ್'. ಇದನ್ನು ನಮ್ಮ ಅಜ್ಜಿಗೆ ಹೇಳಿದೆ. "ಹಾಗಾದ್ರೆ ನಂಗೂ ರಷ್ಯನ್ ಬರುತ್ತಲ್ಲ" ಅಂದ್ರು.

ಎಲ್ಲಾ ಪದ ಹೀಗೆ ಸಿಗಲ್ಲ, ಕೆಲವು ಬೀಳಿಸುತ್ತವೆ. 'ಮಗಜೀನ್' ಅಂದ್ರೆ ಪತ್ರಿಕೆ ಅಲ್ಲ, ಅಂಗಡಿ. ಒತ್ತು ಬದಲಾದರೆ ಅರ್ಥವೇ ಬದಲಾಗುತ್ತೆ: 'ಮುಕಾ' ಅಂದ್ರೆ ಹಿಟ್ಟು, 'ಮೂಕ' ಅಂದ್ರೆ ಯಾತನೆ. ಒತ್ತಿಲ್ಲದ 'ಒ' ಬಾಯಲ್ಲಿ 'ಅ' ಆಗುತ್ತೆ. 'ಮೊಲೊಕೊ' ಅಂತ ಬರೆದು 'ಮಲಕೋ' ಅಂತಾರೆ. ಅಂದ್ರೆ ಹಾಲು. ಅದಕ್ಕೇ ಬರೀ ಓದಿ ಕಲೀಬೇಡಿ, ಕಿವಿಯಿಂದ ಕಲೀರಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇಂಗ್ಲಿಷ್‌ನಲ್ಲಿ "ನಾನು ವಿದ್ಯಾರ್ಥಿ" ಅನ್ನೋಕೆ ಮಧ್ಯೆ ಒಂದು 'ಆ್ಯಮ್' ಬೇಕು, ಒಂದು 'ಎ' ಬೇಕು. ರಷ್ಯನ್‌ನಲ್ಲಿ 'ಯಾ ಸ್ತುದ್ಯೇಂತ್'. ಕನ್ನಡದ ಹಾಗೇ ಎರಡೇ ಪದ. ಇಂಗ್ಲಿಷಲ್ಲಿ ಎಲ್ಲರಿಗೂ 'ಯೂ', ರಷ್ಯನ್‌ನಲ್ಲಿ 'ತೀ' ಮತ್ತು 'ವೀ', ನಮ್ಮ ನೀನು ಮತ್ತು ನೀವು. ವಯಸ್ಸಾದ ರೋಗಿಗೆ 'ತೀ' ಅಂದರೆ, ನಮ್ಮೂರಲ್ಲಿ ಗುರುತಿಲ್ಲದ ಅಜ್ಜಿಯನ್ನ ಏಕವಚನದಲ್ಲಿ ಮಾತಾಡಿಸಿದ ಹಾಗೆ. ಇದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ವಿಭಕ್ತಿ ಅಂದ್ರೆ ಇಂಗ್ಲಿಷ್ ಮಾತಾಡೋರು ಹೆದರ್ತಾರೆ. ರಷ್ಯನ್‌ನಲ್ಲಿ ಆರು ವಿಭಕ್ತಿ. ನಾವು ಹೈಸ್ಕೂಲಲ್ಲೇ ಉ, ಅನ್ನು, ಇಂದ, ಗೆ, ಅಲ್ಲಿ ಅಂತ ಬಾಯಿಪಾಠ ಮಾಡಿದವರು. ಕೊಪ್ಪದಲ್ಲಿ ಅನ್ನೋಕೆ 'ವ್ ಕೊಪ್ಪೆ'. ನಾನು ಕೊಪ್ಪದವಳು ಅನ್ನೋಕೆ 'ಯಾ ಇಸ್ ಕೊಪ್ಪಿ'. ಊರಿನ ಹೆಸರಿನ ಬಾಲವೇ ಬದಲಾಯ್ತು ನೋಡಿ. 'ಇ'ಯಲ್ಲಿ ಮುಗಿಯೋ ಶೃಂಗೇರಿ ಮಾತ್ರ ಬದಲಾಗಲ್ಲ, ಯಾವ ವಿಭಕ್ತಿಗೂ ಬಗ್ಗಲ್ಲ!

ಇನ್ನು ಆಸ್ಪತ್ರೆಯ ಪದ. 'ಗ್ದ್ಯೆ' ಅಂದ್ರೆ ಎಲ್ಲಿ. 'ಬಲೀತ್' ಅಂದ್ರೆ ನೋಯುತ್ತೆ. 'ಗ್ದ್ಯೆ ಬಲೀತ್?' ಎಲ್ಲಿ ನೋವು? ಅಲ್ಲೂ ಎರಡು ಪದ, ಇಲ್ಲೂ ಎರಡು ಪದ. ಉತ್ತರ: 'ಉ ಮಿನ್ಯಾ ಬಲೀತ್ ಗಲವಾ.' ನನಗೆ ತಲೆ ನೋವು. 'ಉ ಮಿನ್ಯಾ ಬಲೀತ್ ಝಿವೋತ್.' ನನಗೆ ಹೊಟ್ಟೆ ನೋವು. ಆ 'ಝಿವೋತ್' ಒಳಗೆ ಇರೋದು ನಮ್ಮ 'ಜೀವ'ದ ಬೇರೇ. ಇಂಥ ಐವತ್ತು ಪದ ಅವಳು ರಟ್ಟಿನ ಚೀಟಿಗಳ ಮೇಲೆ ಬರೆದು ಕೋಟಿನ ಜೇಬಲ್ಲಿ ಇಟ್ಕೊಂಡ್ಲು. ನಾನು ಕೊಪ್ಪದಿಂದ ಹರಿಹರಪುರ ಮೇಲೆ ಶೃಂಗೇರಿಗೆ ಹೋಗೋ ಬಸ್ಸಲ್ಲಿ ಅದೇ ಐವತ್ತು ಗೊಣಗ್ತಿದ್ದೆ. ಪಕ್ಕದಲ್ಲಿ ಕೂತವರು ಮಂತ್ರ ಅಂದ್ಕೊಂಡಿದ್ದರೂ ಅಂದ್ಕೊಂಡಿರಬಹುದು.

ರಷ್ಯಾ ನಮ್ಮ ಕಡೆಗೆ ಹೊಸದೇನಲ್ಲ. ಎನ್.ಆರ್. ಪುರ ತಾಲ್ಲೂಕಿನ ಬಾಳೆಹೊನ್ನೂರಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಭಾರತದ ಕಾಫಿಗೆ ಒಂದು ಕಾಲದಲ್ಲಿ ಸೋವಿಯತ್ ಒಕ್ಕೂಟವೇ ದೊಡ್ಡ ಗಿರಾಕಿ. 1991ರಲ್ಲಿ ಆ ದೇಶ ಒಡೆದಾಗ ನಮ್ಮ ಬೆಳೆಗಾರರಿಗೂ ಬಿಸಿ ತಟ್ಟಿತ್ತು. ನಮ್ಮ ಕಾಫಿ ಅಷ್ಟು ವರ್ಷ ಅಲ್ಲಿಗೆ ಹೋಯ್ತು. ಅಲ್ಲಿಯ ಒಂದು ಪದ ಮಾತ್ರ ನಮ್ಮ ಮನೆಗೆ ಬರಲಿಲ್ಲ.

ಕೊನೆಗೆ ಒಂದು ಗಂಭೀರ ಮಾತು. 2024ರ ಫೆಬ್ರವರಿಯಲ್ಲಿ ಬಂದ ಸುದ್ದಿ ನೆನಪಿದೆಯಾ? ಕಲಬುರಗಿ ಜಿಲ್ಲೆಯ ಕೆಲವು ಯುವಕರು ಕೆಲಸ ಅಂತ ಹೋಗಿ ರಷ್ಯಾದ ಸೇನೆಯಲ್ಲಿ ಸಿಕ್ಕಿಬಿದ್ದಿದ್ದರು. ಓದೋಕೆ ಬಾರದ ರಷ್ಯನ್ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು ಅಂತ ವರದಿಯಾಗಿತ್ತು. ನಮ್ಮ ವಯಸ್ಸಿನವರೇ. ಅದಕ್ಕೇ ರಷ್ಯಾಕ್ಕೆ ಹೋಗೋ ಯಾರೇ ಆಗಲಿ, ಓದೋಕೋ ಕೆಲಸಕ್ಕೋ, 'ಸ್ಪಸೀಬ' ಅಂದ್ರೆ ಧನ್ಯವಾದ ಅಂತ ಕಲಿಯೋ ದಿನವೇ ಈ ಮೂರನ್ನೂ ಕಲೀರಿ. 'ದಗವೋರ್', ಕರಾರು. 'ಪೋತ್ಪಿಸ್', ಸಹಿ. 'ಯಾ ನಿ ಪನಿಮಾಯು', ನನಗೆ ಅರ್ಥ ಆಗ್ತಿಲ್ಲ. ಜೊತೆಗೆ ಒಂದು 'ನ್ಯೆತ್', ಇಲ್ಲ. ಅರ್ಥ ಆಗದ ಕಾಗದದ ಮುಂದೆ ಈ 'ನ್ಯೆತ್' ಹೇಳೋ ಧೈರ್ಯ ಇರಲಿ. ಐವತ್ತು ಪದದಿಂದ ಕರಾರು ಓದೋಕೆ ಬರಲ್ಲ. ಆದರೆ ಮುಂದೆ ಇರೋದು ಕರಾರು ಅಂತ ಗೊತ್ತಾಗುತ್ತೆ. ಗೊತ್ತಿರೋರನ್ನ ಕರೆದು ಓದಿಸೋ ತನಕ ಪೆನ್ನು ಎತ್ತಬೇಡಿ.

ಹೋದ ತಿಂಗಳು ಅವಳು ಮತ್ತೆ ಫೋನ್ ಮಾಡಿದ್ಲು. ಇನ್ನೊಬ್ಬರು ಅಜ್ಜಿ, ಇನ್ನೊಂದು ವಾರ್ಡು. ಇವಳು ಕೇಳಿದ್ಲಂತೆ, 'ಗ್ದ್ಯೆ ಬಲೀತ್?' ಅಜ್ಜಿ ಹೇಳಿದ್ದರಲ್ಲಿ ಅರ್ಧ ಅರ್ಥವಾಯ್ತು, ಇನ್ನರ್ಧಕ್ಕೆ ನರ್ಸ್ ಬೇಕಾಯ್ತು. "ಆದ್ರೆ ಸುಮ್ನೆ ತಲೆ ಆಡಿಸಲಿಲ್ಲ ಅಕ್ಕ" ಅಂದ್ಲು. ನಾನು ಆ ಹಳೇ ಎಕ್ಸೆಲ್ ಶೀಟ್ ತೆಗೆದು ಒಂದು ಸಾಲು ಸೇರಿಸಿದೆ: ಭಾಷೆ, ದಿನಕ್ಕೆ ಹತ್ತು ಪದ, ಖರ್ಚು ಸೊನ್ನೆ. ಯಾರ ಮನೆಯಲ್ಲಾದ್ರೂ ಇಂಥ ಶೀಟ್ ತಯಾರಾಗ್ತಿದ್ರೆ, ಆ ಸಾಲನ್ನ ಎಲ್ಲಕ್ಕಿಂತ ಮೇಲೆ ಹಾಕಿ.

ಇವತ್ತಿಗೆ ಇಷ್ಟು. ನೀವು ಕಲಿತ ಹತ್ತು ಪದ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸೋಣ. ಮತ್ತೆ ಸಿಗೋಣ.