ಕೀಬೋರ್ಡ್ ಮುಟ್ಟದ ಸೀನಿಯರ್

(ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಮೊದಲ ವರ್ಷದ ವಿದ್ಯಾರ್ಥಿಗಳ ಪ್ರೋಗ್ರಾಂ ಪ್ರದರ್ಶನವನ್ನು ಉದ್ಘಾಟಿಸಿ ಆಡಿದ ಮಾತು)



ಎಂಜಿನಿಯರಿಂಗ್ ಕಾಲೇಜಿನ ಪ್ರದರ್ಶನ ಎಂದರೆ ಡ್ರೋನು, ರೋಬೋಟು, ಹತ್ತಿರ ಹೋದರೆ ತಾನೇ ಬಾಯಿ ತೆರೆಯುವ ಕಸದ ಡಬ್ಬಿ, ಇಷ್ಟು ಇದ್ದೇ ಇರುತ್ತವೆ ಅಂದುಕೊಂಡು ಬಂದೆ. ದೀಪ ಹಚ್ಚುವ ಮೊದಲೇ ಯಾರಿಗೂ ಹೇಳದೆ ಒಂದು ಸುತ್ತು ಹಾಕಿದೆ. ಅವು ಯಾವುವೂ ಇಲ್ಲಿಲ್ಲ. ಡೇರಿಗೆ ಹಾಕಿದ ಹಾಲಿನ ಲೆಕ್ಕ ಇಡುವ ಪ್ರೋಗ್ರಾಂ ಇದೆ. ಹಾಸ್ಟೆಲ್ ಮೆಸ್ಸಿನ ಬಿಲ್ಲನ್ನು ರೂಮಿನವರಿಗೆ ಹಂಚುವ ಪ್ರೋಗ್ರಾಂ ಇದೆ. ಚೌಕಾಬಾರ ಆಡುವ ಪ್ರೋಗ್ರಾಂ ಒಂದಿದೆ, ಅದು ಇನ್ನೂ ಸ್ವಲ್ಪ ಮೋಸದ ಆಟ ಆಡುತ್ತದೆ. ಎಲ್ಲವೂ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಓಡುವ ಸಣ್ಣ ಸಣ್ಣ ಸಿ ಪ್ರೋಗ್ರಾಂಗಳು. ಪ್ರತಿ ಮೇಜಿನ ಚೀಟಿಯಲ್ಲೂ ಎರಡು ಹೆಸರಿವೆ. ಒಂದು, ಬರೆದ ಮೊದಲ ವರ್ಷದವರದು. ಇನ್ನೊಂದು, ಸೆಮಿಸ್ಟರ್ ಪೂರ್ತಿ ಪಕ್ಕದಲ್ಲಿ ಕೂತ ಎರಡನೇ ವರ್ಷದವರದು. ಆ ಎರಡನೇ ಹೆಸರಿನ ಬಗ್ಗೆಯೇ ಇವತ್ತು ನನ್ನ ಮಾತು.

ಮೂಲೆಯ ಮೇಜಿನಲ್ಲಿ ಶಿರಸಿ ಕಡೆಯ ಹುಡುಗನೊಬ್ಬ ಅಡಿಕೆ ವ್ಯಾಪಾರದ ಲೆಕ್ಕದ ಪ್ರೋಗ್ರಾಂ ಇಟ್ಟಿದ್ದಾನೆ. ಎಷ್ಟು ಕೆ.ಜಿ., ಕ್ವಿಂಟಲಿಗೆ ಏನು ದರ ಎಂದು ಕೊಟ್ಟರೆ ಕೈಗೆ ಬರುವ ದುಡ್ಡು ಹೇಳಬೇಕು. ಮೊದಲ ಸಲ ಓಡಿಸಿದಾಗ 75 ಕೆ.ಜಿ., ದರ 48,000 ಎಂದು ಕೊಟ್ಟನಂತೆ. ಬಂದ ಉತ್ತರ ಸೊನ್ನೆ. ಅಪ್ಪನ ಒಂದು ಚೀಲ ಅಡಿಕೆಗೆ ಕಂಪ್ಯೂಟರ್ ನಯಾಪೈಸೆ ಕೊಡಲು ಒಪ್ಪಲಿಲ್ಲ! ಕಂಪೈಲರ್ ಒಂದೂ ತಪ್ಪು ತೋರಿಸಿಲ್ಲ, ಕೆ.ಜಿ.ಯನ್ನು 100ರಿಂದ ಭಾಗಿಸಿ ದರದಿಂದ ಗುಣಿಸುವ ಸೂತ್ರ ಸರಿಯಾಗಿದೆ, ಉತ್ತರ ಮಾತ್ರ ಸೊನ್ನೆ. ಒಂದು ರಾತ್ರಿಯೆಲ್ಲ ಕೂತು ಸೆಮಿಕೋಲನ್‌ಗಳನ್ನು ಎಣಿಸಿದನಂತೆ ಪಾಪ.

ಮರುದಿನ ಲ್ಯಾಬಿನಲ್ಲಿ ಅವನ ಮೆಂಟರ್, ಅಂದರೆ ಚೀಟಿಯಲ್ಲಿ ಎರಡನೇ ಹೆಸರಿನ ಹುಡುಗಿ, ಪಕ್ಕದಲ್ಲಿ ಬಂದು ಕೂತಳು. ಅವರ ಮಾತನ್ನು ಅವರೇ ನನಗೆ ಹೇಳಿದ ಹಾಗೆ ಹೇಳುತ್ತೇನೆ.

“175 ಕೆ.ಜಿ. ಕೊಟ್ಟು ನೋಡು, ಎಷ್ಟು ಬರುತ್ತೆ?”

“48,000 ಬಂತು ಅಕ್ಕಾ. ಒಂದು ಕ್ವಿಂಟಲಿಂದು ಮಾತ್ರ.”

“ಹಾಗಾದ್ರೆ ಉಳಿದ 75 ಎಲ್ಲಿ ಹೋಯ್ತು? ಆ ಭಾಗಾಕಾರ ಒಂದನ್ನೇ ಪ್ರಿಂಟ್ ಮಾಡಿಸು.”

ಮಾಡಿಸಿದ. 75ನ್ನು 100ರಿಂದ ಭಾಗಿಸಿದರೆ ಸೊನ್ನೆ ಅಂತ ಬಂತು. ಎರಡು ಪೂರ್ಣಾಂಕಗಳನ್ನು ಭಾಗಿಸಲು ಹೇಳಿದರೆ ಸಿ ಭಾಷೆ ದಶಾಂಶದ ಭಾಗವನ್ನು ಕೈಬಿಡುತ್ತದೆ. ಪಾಠದಲ್ಲಿ ಇದನ್ನು ಹೇಳಿರುತ್ತಾರೆ, ನೋಟ್ಸಿನಲ್ಲಿ ಬರೆದುಕೊಂಡಿರುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದೂ ಇರುತ್ತಾರೆ. ಗೊತ್ತಾಗಿದ್ದು ಮಾತ್ರ ಆ ಹೊತ್ತಿನಲ್ಲಿ. “ಮೊದಲು ಗುಣಿಸಿ ಆಮೇಲೆ ಭಾಗಿಸ್ತೀನಿ” ಎಂದು ಅವನೇ ಹೇಳಿದ, 75 ಕೆ.ಜಿ.ಗೆ 36,000 ಬಂತು. ನಾನು ಆ ಹುಡುಗಿಯನ್ನು ಕೇಳಿದೆ: ನಿನಗೆ ಮೊದಲೇ ಗೊತ್ತಿತ್ತಾ? “ನೋಡಿದ ತಕ್ಷಣ ಗೊತ್ತಾಯ್ತು ಮೇಡಂ. ಕೈ ತುರಿಸ್ತಿತ್ತು. ಆದ್ರೆ ಕೀಬೋರ್ಡ್ ಮುಟ್ಟಬಾರದು ಅಂತ ನಮ್ಮಲ್ಲಿ ರೂಲ್ಸ್ ಇದೆ” ಅಂದಳು.

ಆ ರೂಲ್ಸ್ ಮಾಡಿದವರಿಗೆ ನನ್ನದೊಂದು ನಮಸ್ಕಾರ. ನಾನು ಲ್ಯಾಬುಗಳಲ್ಲಿ ಬಹಳ ಕಾಲ ನಿಂತವಳು. ಜಾಣ ಸೀನಿಯರ್ ಬರುತ್ತಾನೆ, “ಸ್ವಲ್ಪ ಸರಿ” ಅನ್ನುತ್ತಾನೆ, ಕುರ್ಚಿಯ ಮೇಲೆ ಕೂತು ಟಕಟಕ ಹೊಡೆದು “ಈಗ ಓಡಿಸು” ಅನ್ನುತ್ತಾನೆ. ಪ್ರೋಗ್ರಾಂ ಓಡುತ್ತದೆ. ಜೂನಿಯರ್‌ಗೆ ತಿಳಿಯುವುದು ಒಂದೇ: ಈ ಅಣ್ಣ ಬಹಳ ಬುದ್ಧಿವಂತ, ನಾನು ದಡ್ಡ.

ಈ ದಡ್ಡತನದ ಭಾವನೆ ಮೊದಲ ವರ್ಷದ ದೊಡ್ಡ ಕಾಯಿಲೆ. ಮೊದಲ ಪ್ರೋಗ್ರಾಮಿಂಗ್ ಪಾಠದಲ್ಲಿ ಎಷ್ಟು ಜನ ಎಡವುತ್ತಾರೆ ಎಂದು ಯೆನ್ಸ್ ಬೆನ್ನೆಡ್ಸೆನ್ ಮತ್ತು ಮೈಕೆಲ್ ಕ್ಯಾಸ್ಪರ್ಸನ್ ಎಂಬ ಡೆನ್ಮಾರ್ಕಿನ ಇಬ್ಬರು ಅಧ್ಯಾಪಕರು ಹಲವು ದೇಶಗಳ ಕಾಲೇಜುಗಳಿಂದ ಲೆಕ್ಕ ತರಿಸಿ 2007ರಲ್ಲಿ ಪ್ರಕಟಿಸಿದರು. ಸರಾಸರಿ ತೆಗೆದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ದಾಟಿರಲಿಲ್ಲ. 2019ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅದು ಶೇ. 28 ಆಗಿತ್ತು. ತಂದೆ ತಾಯಂದಿರು ಇದನ್ನು ಕೇಳಿಸಿಕೊಳ್ಳಬೇಕು. ಪಿಯುಸಿಯಲ್ಲಿ ಗಣಿತಕ್ಕೆ 95 ತೆಗೆದ ಮಗ ಮೊದಲ ಇಂಟರ್ನಲ್ಸ್‌ನಲ್ಲಿ ಕೈಕೊಟ್ಟರೆ ಅದು ಮೊಬೈಲಿನ ತಪ್ಪೇ ಆಗಿರಬೇಕಿಲ್ಲ. ಪ್ರೋಗ್ರಾಮಿಂಗ್ ಅವನು ಈವರೆಗೆ ಓದಿದ ಯಾವ ವಿಷಯದ ಹಾಗೂ ಇಲ್ಲ. ಮೇಲೆಲ್ಲೋ ಒಂದು ಆವರಣ ಚಿಹ್ನೆ ಮುಚ್ಚುವುದನ್ನು ಮರೆತರೆ ಕಂಪೈಲರ್ ಫೈಲಿನ ಕೊನೆಯ ಸಾಲಿಗೆ ಬೆರಳು ತೋರಿಸುತ್ತದೆ. ಹುಡುಗ ಆ ಕೊನೆಯ ಸಾಲನ್ನೇ ಗಂಟೆಗಟ್ಟಲೆ ನೋಡುತ್ತಾ ಕೂರುತ್ತಾನೆ. ಪಕ್ಕದ ಸಾಲಿನಲ್ಲಿ ಶಾಲೆಯಿಂದಲೇ ಕೋಡಿಂಗ್ ಕಲಿತು ಬಂದ ಬೆಂಗಳೂರಿನ ಹುಡುಗಿ ಮೂರನೇ ಪ್ರೋಗ್ರಾಂ ಮುಗಿಸಿರುತ್ತಾಳೆ. ಮೇಷ್ಟ್ರು ಅರವತ್ತು ಜನರ ನಡುವೆ ಓಡಾಡುತ್ತಿರುತ್ತಾರೆ. “ಎನಿ ಡೌಟ್ಸ್?” ಎಂದು ಕೇಳುತ್ತಾರೆ. ಕನ್ನಡ ಮೀಡಿಯಮ್ಮಿನಿಂದ ಬಂದ ಹುಡುಗ ತನ್ನ ಡೌಟನ್ನು ಇಂಗ್ಲಿಷಿಗೆ ಹೊಂದಿಸಿಕೊಳ್ಳುವಷ್ಟರಲ್ಲಿ ಅವರು ಮುಂದಿನ ಸಾಲಿಗೆ ಹೋಗಿರುತ್ತಾರೆ.

ಇಂಥ ಕಡೆ ಒಂದು ವರ್ಷ ಮುಂದಿರುವವರಿಗೆ ಸಿಗುವ ಅನುಕೂಲ ನನ್ನಂಥವರಿಗೆ ಸಿಗದು. ನನಗೆ ಪಾಯಿಂಟರ್ ಅರ್ಥವಾಗದೇ ಇದ್ದ ಕಾಲ ನೆನಪಿಗೇ ಬರುವುದಿಲ್ಲ. ಅವರಿಗೆ ಅದು ಹೋದ ವರ್ಷದ ಸಂಗತಿ. “ಏಯ್, ಲೂಪ್ ಒಳಗಡೆ ಐ ಹೆಚ್ಚಾಗ್ತಾನೇ ಇಲ್ವಲ್ಲೋ, ಇದು ಯಾವಾಗ ನಿಲ್ಲುತ್ತೆ?” ಎಂದು ಅವರು ಆಡುವ ಭಾಷೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ, ಆದರೆ ಅರ್ಧ ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ವಿದ್ಯಾರ್ಥಿಗಳೇ ವಿದ್ಯಾರ್ಥಿಗಳಿಗೆ ಕಲಿಸುವ ಇದೇನು ಅಮೆರಿಕದಿಂದ ತಂದ ಹೊಸ ಪದ್ಧತಿಯೇ ಎಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದರು. ನಾನು ಅವರಿಗೆ ಇಕ್ಕೇರಿಯ ದಾರಿ ತೋರಿಸಿದೆ. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಗೋವಾದ ಪೋರ್ಚುಗೀಸರ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ಹಾದಿಯಾಗಿ ಘಟ್ಟ ಹತ್ತಿ, ಇಕ್ಕೇರಿಯಲ್ಲಿದ್ದ ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ. ದಾರಿಯಲ್ಲಿ ಒಂದು ಗುಡಿಯ ಜಗಲಿ. ಅಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿಕೊಂಡು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಹೇಳಿ ಬೆರಳಲ್ಲಿ ಬರೆಯುವುದು, ಉಳಿದವರೂ ಹಾಗೇ ಹೇಳಿ ಬರೆಯುವುದು. ಜಾಗ ತುಂಬಿದರೆ ಅಳಿಸಿ ಮತ್ತೆ ಶುರು. ಗುರುಗಳು ಅಲ್ಲಿರಲಿಲ್ಲ. ಮರೆತರೆ, ತಪ್ಪಿದರೆ ತಿದ್ದುವವರು ಯಾರು ಎಂದು ಪ್ರವಾಸಿ ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ತಪ್ಪುವುದು ಸಾಧ್ಯವಿಲ್ಲವಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ ಎಂದು ಹುಡುಗರು ಹೇಳಿದರಂತೆ. ಅವರ ಮಾತು ನಿಜವೇ ಎಂದು ಆತ ಪತ್ರದಲ್ಲಿ ಬರೆದುಕೊಂಡ. ಇವತ್ತಿನ ಶಿಕ್ಷಣ ತಜ್ಞರು ಇದನ್ನೇ ಹೇಳಲು ಇಪ್ಪತ್ತು ಪುಟ ತೆಗೆದುಕೊಳ್ಳುತ್ತಾರೆ.

ಇನ್ನೊಂದು ಕಥೆ ಅಷ್ಟು ಸಂತೋಷದ್ದಲ್ಲ. 18ನೇ ಶತಮಾನದ ಕೊನೆಯಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿ ಮದರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದ. ಅಲ್ಲಿಯ ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆದು ಕಲಿಯುವುದನ್ನು ಕಂಡು, ಎಂಟು ವರ್ಷದ ಹುಡುಗನೊಬ್ಬನಿಗೆ ಚಿಕ್ಕವರಿಗೆ ಅಕ್ಷರ ಕಲಿಸುವ ಕೆಲಸ ಒಪ್ಪಿಸಿದ. ಅದು ಫಲ ಕೊಟ್ಟಿತು. 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಪ್ರಕಟಿಸಿದ, ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲೇ ಈ ಕ್ರಮ ಇಂಗ್ಲೆಂಡಿನಲ್ಲಿ ಹಬ್ಬಿತು. ಆದರೆ ಅಲ್ಲಿನವರಿಗೆ ಅದರಲ್ಲಿ ಮೆಚ್ಚುಗೆಯಾದದ್ದು ಖರ್ಚು ಕಡಿಮೆ ಎಂಬುದು. ಒಬ್ಬ ಮೇಷ್ಟ್ರ ಸಂಬಳದಲ್ಲಿ ನೂರಾರು ಮಕ್ಕಳನ್ನು ಕೂರಿಸಿ, ಹುಡುಗರ ಕೈಯಲ್ಲಿ ಹುಡುಗರಿಗೆ ಬಾಯಿಪಾಠ ಮಾಡಿಸಿದರು. ಅದು ಕೊನೆಗೆ ಮೂಲೆಗೆ ಬಿತ್ತು, ಬೀಳಲೇಬೇಕಿತ್ತು. ಆಡಳಿತ ಮಂಡಳಿಯವರು ಮುಂದಿನ ಸಾಲಿನಲ್ಲೇ ಇದ್ದೀರಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಖಾಲಿ ಬಿದ್ದಿರುವ ಅಧ್ಯಾಪಕರ ಹುದ್ದೆಗೆ ಮೆಂಟರ್‌ಗಳು ಬದಲಿಯಲ್ಲ.

ಹಾಗಾದರೆ ಈ ಸಹಾಯ ಯಾರಿಗೆ ಸಿಗಬೇಕು? ಸಾಮಾನ್ಯವಾಗಿ ಇಂಟರ್ನಲ್ಸ್ ಆದ ಮೇಲೆ ‘ಸ್ಲೋ ಲರ್ನರ್ಸ್’ ಎಂದು ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ. ಆ ಪಟ್ಟಿಯಲ್ಲಿ ಹೆಸರು ನೋಡಿದ ಹುಡುಗ ಆ ತರಗತಿಗೆ ಬರುತ್ತಾನೆಯೇ? ಬಂದರೂ ತಲೆ ತಗ್ಗಿಸಿಕೊಂಡು ಬರುತ್ತಾನೆ. 1973ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿರುವ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಡಿಯಾನಾ ಮಾರ್ಟಿನ್ ಎಂಬಾಕೆ ಈ ಲೆಕ್ಕವನ್ನೇ ತಿರುಗಿಸಿ ಹಾಕಿದರು. ಕಷ್ಟದ ವಿದ್ಯಾರ್ಥಿಗಳು ಎಂದು ಗುರುತಿಸುವುದನ್ನು ಬಿಟ್ಟು ಕಷ್ಟದ ಪಾಠಗಳನ್ನು ಗುರುತಿಸಿದರು. ಆ ಪಾಠಕ್ಕೆ ಕೂತ ಎಲ್ಲರಿಗೂ ಬಾಗಿಲು ತೆರೆದಿತ್ತು, ಮೊದಲ ವಾರದಿಂದಲೇ. ಅದೇ ಪಾಠ ದಾಟಿ ಬಂದ ವಿದ್ಯಾರ್ಥಿ ಮತ್ತೊಮ್ಮೆ ತರಗತಿಯಲ್ಲಿ ಕೂತು, ಆಮೇಲೆ ಗುಂಪು ನಡೆಸುತ್ತಿದ್ದ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬಾತ 1970ರ ದಶಕದಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದೇ. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಏಕೆ ಹಿಂದೆ ಬೀಳುತ್ತಾರೆ ಎಂದು ಹುಡುಕಲು ಅವರ ಜೊತೆಗೇ ಓಡಾಡಿದ. ಅವರು ಶ್ರಮಪಡುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದವರು ಸಂಜೆ ಸೇರಿ, ಒಟ್ಟಿಗೆ ಊಟ ಮಾಡಿ, ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಟ್ರೈಸ್‌ಮನ್ ಕಟ್ಟಿದ ಗುಂಪುಗಳಲ್ಲಿ ಸುಲಭದ ಲೆಕ್ಕ ಕೊಟ್ಟು ಮೈದಡವಲಿಲ್ಲ, ಕಷ್ಟದ ಲೆಕ್ಕಗಳನ್ನೇ ಕೊಟ್ಟು ಒಟ್ಟಿಗೆ ಕೂರಿಸಿದ. ಫಲಿತಾಂಶ ಬದಲಾಯಿತು.

ಎಲ್ಲ ಉತ್ತರವೂ ಈಗ ಮೊಬೈಲಿನಲ್ಲೇ ಸಿಗುತ್ತದಲ್ಲ ಮೇಡಂ ಎಂದು ಹಿಂದಿನ ಸಾಲಿನವರು ಪಿಸುಗುಟ್ಟುತ್ತಿರುವುದು ಕೇಳುತ್ತಿದೆ. ಸಿಗುತ್ತದೆ. ಚಾಟ್‌ಜಿಪಿಟಿಗೆ ಹೇಳಿದ್ದರೆ ಅಡಿಕೆಯ ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಯಾಗುತ್ತಿತ್ತು. 75 ಎಲ್ಲಿ ಹೋಯಿತು ಎಂಬ ಪ್ರಶ್ನೆ ಮಾತ್ರ ಹುಟ್ಟುತ್ತಿರಲಿಲ್ಲ. ಹಾರ್ವರ್ಡಿನ ಸಿಎಸ್50 ಎಂಬ ಆರಂಭಿಕ ಕಂಪ್ಯೂಟರ್ ಪಾಠದವರು 2023ರಲ್ಲಿ ತಮ್ಮದೇ ಒಂದು ಎಐ ಸಹಾಯಕನನ್ನು ಮಾಡಿಕೊಂಡಾಗ ಅದಕ್ಕೆ ಕಲಿಸಿದ ಮೊದಲ ಶಿಸ್ತು, ಉತ್ತರವನ್ನು ನೇರವಾಗಿ ಕೊಟ್ಟುಬಿಡದೆ ದಾರಿ ತೋರಿಸು ಎಂಬುದು. ಯಂತ್ರಕ್ಕೂ ಕೈ ಕಟ್ಟಿ ಕೂರುವುದನ್ನು ಕಲಿಸಬೇಕಾಯಿತು ನೋಡಿ.

ನಮ್ಮ ಕಾಲೇಜುಗಳಲ್ಲಿ ‘ಸೀನಿಯರ್’ ಅಂದರೆ ಮೊದಲು ನೆನಪಾಗುತ್ತಿದ್ದುದು ರ್‍ಯಾಗಿಂಗ್. 2009ರಲ್ಲಿ ಯುಜಿಸಿ ಕಠಿಣ ನಿಯಮ ತಂದ ಮೇಲೆ ಹಲವು ಕಾಲೇಜುಗಳು ಸೀನಿಯರ್, ಜೂನಿಯರ್‌ಗಳ ಹಾಸ್ಟೆಲ್ ಬ್ಲಾಕನ್ನೂ ಮೆಸ್ಸನ್ನೂ ಬೇರೆ ಮಾಡಿ ಕೈತೊಳೆದುಕೊಂಡವು. ಬೇರೆ ಇಡುವುದು ಬೇಕಿತ್ತು. ಆದರೆ ಅಧ್ಯಾಪಕರ ಕಣ್ಣೆದುರು, ನಿಗದಿಯಾದ ಹೊತ್ತಿನಲ್ಲಿ, ಬಾಗಿಲು ತೆರೆದ ಲ್ಯಾಬಿನಲ್ಲಿ ಒಟ್ಟಿಗೆ ಕೂರಿಸುವುದೂ ಬೇಕು. ನೀವು ಆ ಎರಡನೆಯದನ್ನು ಮಾಡಿದ್ದೀರಿ.

ಪ್ರಾಂಶುಪಾಲರಲ್ಲಿ ಎರಡು ಬೇಡಿಕೆ ಇಟ್ಟು ಮುಗಿಸುತ್ತೇನೆ. ಸ್ಟ್ಯಾನ್‌ಫರ್ಡ್‌ನಲ್ಲಿ 1980ರ ದಶಕದಿಂದಲೂ ಪದವಿ ವಿದ್ಯಾರ್ಥಿಗಳೇ ಆರಂಭಿಕ ಪ್ರೋಗ್ರಾಮಿಂಗ್ ಪಾಠದ ಸಣ್ಣ ಗುಂಪುಗಳನ್ನು ನಡೆಸುತ್ತಿದ್ದಾರೆ. ಅದಕ್ಕೆ ಅವರಿಗೆ ತರಬೇತಿಯೂ ಇದೆ, ಸಂಬಳವೂ ಇದೆ. ಇಲ್ಲಿಯ ಮೆಂಟರ್‌ಗಳು ಈ ವರ್ಷ ಬರೀ ಪ್ರೀತಿಗೆ ದುಡಿದಿದ್ದಾರೆ. ಮುಂದಿನ ವರ್ಷ ಗೌರವಧನ ಕೊಡಿ, ದೊಡ್ಡ ಮೊತ್ತ ಬೇಡ, ಮೆಸ್ ಬಿಲ್ಲಿಗಾದರೂ ಆಗಲಿ. ಪ್ರಶ್ನೆ ಕೇಳುವುದು ಹೇಗೆ, ಸುಮ್ಮನಿರುವುದು ಹೇಗೆ ಎಂದು ಎರಡು ದಿನ ತರಬೇತಿಯನ್ನೂ ಕೊಡಿ. ಇನ್ನೊಂದು, ಮೆಂಟರ್‌ಗಳನ್ನು ಆರಿಸುವಾಗ ಸಿಜಿಪಿಎ ಪಟ್ಟಿಯ ಮೇಲಿನ ಹತ್ತು ಹೆಸರನ್ನು ಕತ್ತರಿಸಿ ತರಬೇಡಿ. ಸಿ ಪಾಠದಲ್ಲಿ ಒಂದು ಸಲ ಬ್ಯಾಕ್ ಉಳಿಸಿಕೊಂಡು, ಬಿದ್ದಲ್ಲೇ ಎದ್ದು ಪಾಸು ಮಾಡಿದವರು ನಿಮ್ಮ ಎರಡನೇ ವರ್ಷದಲ್ಲಿ ಇದ್ದೇ ಇರುತ್ತಾರೆ. ಅವರನ್ನೂ ಕರೆಯಿರಿ. ಎಲ್ಲೆಲ್ಲಿ ಗುಂಡಿ ಇದೆ ಎಂಬುದು ಅವರಿಗೆ ಗೊತ್ತು.

ಇನ್ನು ಮಳಿಗೆಗಳ ಕಡೆ ಹೋಗೋಣ. ತಂದೆ ತಾಯಂದಿರೇ, ಮಕ್ಕಳ ಹತ್ತಿರ “ಇದರಿಂದ ಎಷ್ಟು ಸಂಬಳದ ಕೆಲಸ ಸಿಗುತ್ತೆ?” ಎಂದು ಇವತ್ತೊಂದು ದಿನ ಕೇಳಬೇಡಿ. “ಇದು ಮೊದಲು ಎಲ್ಲಿ ಕೈಕೊಟ್ಟಿತ್ತು, ಹೇಗೆ ಪತ್ತೆ ಮಾಡಿದೆ?” ಎಂದು ಕೇಳಿ. ಕಂಪ್ಯೂಟರ್ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಹೇಳಬೇಕಾದ್ದು ಅವರ ಜವಾಬ್ದಾರಿ. ಮೆಂಟರ್‌ಗಳು ನಡುವೆ ಬಾಯಿ ಹಾಕುವ ಹಾಗಿಲ್ಲ. ಚೌಕಾಬಾರದ ಮೇಜಿನವರು ಮಾತ್ರ ಸ್ವಲ್ಪ ಎಚ್ಚರವಾಗಿರಿ, ನಾನು ಮೊದಲು ಅಲ್ಲಿಗೇ ಬರುತ್ತಿದ್ದೇನೆ. ಪ್ರದರ್ಶನ ಉದ್ಘಾಟನೆಯಾಗಿದೆ, ಬನ್ನಿ.