ಕೂಲಿಯ ಲೆಕ್ಕ ಕೂಡಿ ಓದೋಣ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಊರಿನ ದುಡಿಮೆ ಮತ್ತು ಪತ್ರಿಕೆ, ಇವೆರಡನ್ನೂ ಒಂದೆಡೆ ಕೂಡಿಸುವ ಮಾತುಕತೆ ಹೇಗೆ ನಡೆಸಬೇಕು ಎಂಬುದು ಇಂದಿನ ವಿಷಯ. ನಾನು ಸರ್ಕಾರಿ ಇಂಜಿನಿಯರ್ ಆಗಿದ್ದವನು. ಭಾಷಣಕ್ಕಿಂತ ಲೆಕ್ಕ ನನಗೆ ಹತ್ತಿರ. ಆದ್ದರಿಂದ ನನ್ನ ತಪ್ಪಿನ ಲೆಕ್ಕದಿಂದಲೇ ಆರಂಭಿಸುತ್ತೇನೆ.

ನೌಕರಿಯ ಮೊದಲ ವರ್ಷಗಳಲ್ಲಿ ಒಮ್ಮೆ ಕೆರೆ ಏರಿಯ ಮೇಲೆ ಕೂಲಿ ಬಟವಾಡೆ ನಡೆದಿತ್ತು. ಮಸ್ಟರ್ ರೋಲ್ ಮೇಲೆ ಹೆಬ್ಬೆಟ್ಟು ಒತ್ತಿದ ಮುದುಕಿಯೊಬ್ಬಳು, "ಸಾಹೇಬ್ರ, ಅದರಾಗ ನನ್ನ ಹೆಸರಿಗೆ ಎಷ್ಟು ದಿನ ಬರದೀರಿ?" ಎಂದು ಕೇಳಿದಳು. "ಬರದಷ್ಟು ಬರತೈತಿ, ನಡಿಯವ್ವಾ" ಎಂದು ಪುಸ್ತಕ ಮುಚ್ಚಿದೆ. ಓದಿ ಹೇಳಲು ಅರ್ಧ ನಿಮಿಷ ಸಾಕಿತ್ತು. ನಾನು ಹಣ ತಿಂದವನಲ್ಲ. ಆದರೆ ಯಾರು ತಿಂದರೆಂದು ತಿಳಿಯುವ ದಾರಿಯನ್ನು ಮುಚ್ಚಿದವನು.

ರಾಜಸ್ಥಾನದ ಬಡವರು ಅಂಥ ಪುಸ್ತಕವನ್ನೇ ತೆರೆಸಿದರು. 1990ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ಹಳ್ಳಿಯ ಜನರೊಡನೆ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿದರು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾಣಾದಲ್ಲಿ ಅವರ ಮೊದಲ ಜನ್ ಸುನ್‌ವಾಯಿ, ಅಂದರೆ ಜನರ ವಿಚಾರಣಾ ಸಭೆ, ನಡೆಯಿತು. ಮಸ್ಟರ್ ರೋಲು, ಬಿಲ್ಲುಗಳನ್ನು ಊರವರ ಎದುರು ಗಟ್ಟಿಯಾಗಿ ಓದುವುದು, ಕೆಲಸಕ್ಕೆ ಹೋದದ್ದು ನಿಜವೇ, ಕೈಗೆ ಬಂದದ್ದೆಷ್ಟು ಎಂದು ಆ ಹೆಸರಿನವರೇ ಎದ್ದು ಹೇಳುವುದು, ಇದೇ ಅದರ ಕ್ರಮ. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. 'ಜನಸತ್ತಾ' ಪತ್ರಿಕೆಯ ಪ್ರಭಾಷ್ ಜೋಶಿಯವರಂಥ ಹಿರಿಯ ಪತ್ರಕರ್ತರು ಅವರ ಬೆನ್ನಿಗೆ ನಿಂತರು. ಹಳ್ಳಿಯ ಕೂಲಿಯ ಪ್ರಶ್ನೆ ದೇಶದ ಪ್ರಶ್ನೆಯಾಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ. ಅದೇ ವರ್ಷದ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ವಹಿಸಿತು.

ಪತ್ರಕರ್ತ ಒಬ್ಬನೇ ಕಚೇರಿಗೆ ಹೋದರೆ ಕಚೇರಿ ಕೊಟ್ಟ ಅಂಕಿ ಸಿಗುತ್ತದೆ. ಕೂಲಿಯವಳು ಒಬ್ಬಳೇ ಕೇಳಿದರೆ ನನ್ನಂಥವನ ಗದರಿಕೆ ಸಿಗುತ್ತದೆ. ಇಬ್ಬರೂ ಊರ ಮುಂದೆ ಕೂತರೆ ಸತ್ಯ ಹೊರಬರುತ್ತದೆ. ನಮಗೇನೂ ಇದು ಹೊಸತಲ್ಲ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆಯ್ದಕ್ಕಿ ಲಕ್ಕಮ್ಮ ಲೆಕ್ಕ ಕೇಳಿ, ಹೆಚ್ಚಿನದನ್ನು ಮರಳಿ ಸುರಿದು ಬರಲು ಹೇಳಿದ ಕಥೆ ನಾವೆಲ್ಲ ಕೇಳಿ ಬೆಳೆದದ್ದು.

ಕಳೆದ ವರ್ಷ ನಮ್ಮೂರಲ್ಲಿ ಕೆಲವರು ಸೇರಿ ಸಂತೆಯ ಸುಂಕದ ಬಗ್ಗೆ ಮಾತುಕತೆ ಕರೆದೆವು. ಮೊದಲ ಸಲ ಮುಂದಿನ ಕುರ್ಚಿಗಳಲ್ಲಿ ಗಣ್ಯರು ಕೂತರು. ಕಾಯಿಪಲ್ಲೆ ಮಾರುವ ತಾಯಂದಿರು ಚಪ್ಪಲಿ ಬಿಡುವಲ್ಲಿ ನಿಂತು ಹೊರಟುಹೋದರು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಅಧ್ಯಕ್ಷತೆ ವಹಿಸಿದವರ ಹೆಸರು ಮಾತ್ರ.

ಎರಡನೆಯ ಸಲ ಸಂತೆ ಮುಗಿದ ಮೇಲೆ, ಅಲ್ಲೇ ಜಮಖಾನೆ ಹಾಸಿ, ಎಲ್ಲರೂ ನೆಲಕ್ಕೆ ಕೂತೆವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ನಾವೂ ಸುಮ್ಮನೆ ಕಾದೆವು. ಕೊನೆಗೆ ಒಬ್ಬ ತಾಯಿ, "ದುಡ್ಡು ತಗೋತಾರ, ಚೀಟಿ ಕೊಡಂಗಿಲ್ರಿ" ಎಂದಳು. ಸ್ಥಳೀಯ ವರದಿಗಾರರು ಅದನ್ನು ಬರೆದುಕೊಂಡು, ವಸೂಲಿಯವರ ಉತ್ತರವನ್ನೂ ಕೇಳಿ, ಅಧಿಕೃತ ದರಪಟ್ಟಿಯೊಂದಿಗೆ ಪ್ರಕಟಿಸಿದರು. ದರದ ಹಲಗೆ ಬಂತು. ಆದರೆ ಮುಂದಿನ ಸಂತೆಯಲ್ಲಿ ಆ ತಾಯಿ ಕೂರುತ್ತಿದ್ದ ಜಾಗ ಬೇರೆಯವರ ಪಾಲಾಗಿತ್ತು. ನಾವು ನಾಲ್ವರು ಹೋಗಿ ಅವಳ ಪಕ್ಕದಲ್ಲಿ ಕೂತೆವು. ಮೂರು ಸಂತೆ ಕೂತ ಮೇಲೆ ಜಾಗ ಮರಳಿತು. ಮಾತಾಡಿ ಎಂದು ಕರೆದವರು, ಮಾತಾಡಿದ ಮೇಲೆ ಕೈಬಿಟ್ಟರೆ ಅದು ಮೋಸ. ಮಾತುಕತೆ ನಡೆಸುವವರ ಅರ್ಧ ಕೆಲಸ ಸಭೆ ಮುಗಿದ ಮೇಲೆಯೇ ಇದೆ.

ಒಂದು ಬಿನ್ನಹದೊಂದಿಗೆ ಮುಗಿಸುತ್ತೇನೆ. ಈ ಸಭಾಂಗಣವನ್ನು ತಿಂಗಳಿಗೊಂದು ಸಂಜೆ ಇಂಥ ಮಾತುಕತೆಗೆ ಕೊಡಬೇಕು. ಮೊದಲ ಸಂಜೆ ಬೇರೆಯವರ ಲೆಕ್ಕ ಬೇಡ. ನಾನೇ ಮೇಲುಸ್ತುವಾರಿ ನೋಡುತ್ತಿರುವ ದಾಸೋಹ ಭವನದ ಕೂಲಿ ಲೆಕ್ಕ ಓದೋಣ. ಗಾರೆಯವರು, ಮಣ್ಣು ಹೊತ್ತ ತಾಯಂದಿರು ಮುಂದೆ ಕೂರಲಿ, ವರದಿಗಾರರು ಬರಲಿ. ಅಂದು ಮುಚ್ಚಿದ ಪುಸ್ತಕವನ್ನು ಇಂದಾದರೂ ತೆರೆದು, ಗಟ್ಟಿಯಾಗಿ ನಾನೇ ಓದುತ್ತೇನೆ. ತಪ್ಪಿದ್ದರೆ ಅಲ್ಲೇ ಹೇಳಲಿ.